ನರ್ಸ್‌ಗಳಿಗೆ ಚರ್ಮ ನೋಡುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ನಾನು 26 ವರ್ಷಗಳಿಂದ ನರ್ಸ್. ಮೆಡಿಕಲ್ ವಾರ್ಡಿನಲ್ಲಿ ಹೆಚ್ಚು, ಐಸಿಯುನಲ್ಲಿ ಸ್ವಲ್ಪ ಕಾಲ. ಈಗ ಕೆಲವು ವರ್ಷಗಳಿಂದ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ವಾರ್ಡಿನಲ್ಲೇ ಕೆಲಸ ಕಲಿಸುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಳೆದ ವಾರ ಒಬ್ಬ ಹುಡುಗಿ ಕೇಸ್ ಶೀಟಿನಲ್ಲಿ ‘ಚರ್ಮ: ಸರಿ ಇದೆ’ ಎಂದು ಬರೆದಿದ್ದಳು. ಅದೇ ಮಾತನ್ನು ನಾನೂ ಒಮ್ಮೆ ಬರೆದಿದ್ದೆ. ಓದಿದಾಗ ಎದೆ ಧಸಕ್ಕೆಂದಿತು. ಅದಕ್ಕೇ ಈ ಪತ್ರ.

ನಾನು ಕೆಲಸಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತು. ಪಾರ್ಶ್ವವಾಯು ಹೊಡೆದ ಒಬ್ಬ ಅಜ್ಜಿಯನ್ನು ಸಂಜೆ ಹೊತ್ತಿಗೆ ವಾರ್ಡಿಗೆ ತಂದು ಮಲಗಿಸಿದರು. ಎಡಗೈ, ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಮೈಬಣ್ಣ ಒಳ್ಳೇ ಕಪ್ಪು. ಅಡ್ಮಿಷನ್ ಮಾಡಿಕೊಳ್ಳುವಾಗ ಬೆಡ್‌ಸೋರ್, ಅಂದರೆ ಅಲುಗಾಡದೆ ಮಲಗಿ ಆಗುವ ಒತ್ತಡದ ಹುಣ್ಣು, ಇದೆಯೇ ಎಂದು ಬೆನ್ನು ನೋಡಬೇಕೆಂದು ನನಗೆ ಗೊತ್ತಿತ್ತು. ಮಗ್ಗುಲಿಗೆ ಹೊರಳಿಸಿ, ಲೈಟು ಹಾಕಿಕೊಂಡೇ ನೋಡಿದೆ. ಪುಸ್ತಕದಲ್ಲಿ ಓದಿದ್ದು ‘ಮೊದಲ ಲಕ್ಷಣ, ಕೆಂಪಗಾಗುವುದು’ ಎಂದು. ಕೆಂಪು ಎಲ್ಲೂ ಕಾಣಲಿಲ್ಲ. ಅಜ್ಜಿ ತೊದಲುತ್ತಾ ‘ಹಿಂದುಗಡೆ ಉರಿ ಕಣವ್ವ’ ಎಂದರು. ಹಾಸಿಗೆ ಹೊಸದು, ಅದಕ್ಕೇ ಇರಬೇಕು ಎಂದುಕೊಂಡೆ. ‘ಚರ್ಮ: ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ.

ಮೂರನೇ ದಿನ ಸೊಂಟದ ಕೆಳಗೆ, ಮೂಳೆ ಎದ್ದು ಕಾಣುವ ಜಾಗದಲ್ಲಿ, ಅಂಗೈ ಅಗಲದಷ್ಟು ನೇರಳೆ ಬಣ್ಣ ಬಂತು. ಐದನೇ ದಿನ ಬೆಡ್‌ಶೀಟ್ ಬದಲಿಸುವಾಗ ಮೇಲ್ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಡ್ರೆಸ್ಸಿಂಗ್ ಮಾಡಲು ಗಾಯದೊಳಗೆ ಗಾಜ್ ಬಟ್ಟೆ ಇಟ್ಟರೆ ಬೆರಳಿಗೆ ಮೂಳೆ ತಗಲುತ್ತಿತ್ತು. ಅವರ ಮಗಳು ಒಂದೇ ಒಂದು ಸಲ ಕೇಳಿದರು, ‘ಮೊದಲೇ ಗೊತ್ತಾಗಲಿಲ್ವಾ ಸಿಸ್ಟರ್?’ ಆ ಹೆಣ್ಣುಮಗಳು ಗದರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗೊತ್ತಾಗಬಹುದಿತ್ತು, ಸಂಪಾದಕರೇ. ಆ ಪೆಟ್ಟು ಬಹುಶಃ ಅವರು ವಾರ್ಡಿಗೆ ಬರುವ ಮೊದಲೇ, ಗಟ್ಟಿ ನೆಲದಲ್ಲೋ ಸ್ಟ್ರೆಚರ್‌ನಲ್ಲೋ ಅಲುಗಾಡದೆ ಮಲಗಿದ್ದಾಗಲೇ ಆಗಿತ್ತು. ಒಳಗಿನ ಮಾಂಸಖಂಡ ನಲುಗಿದ್ದು ಹೊರಗಿನ ಚರ್ಮದಲ್ಲಿ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕು. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತಿತ್ತು. ನಾನು ಕೈ ಹಿಂಬದಿಯನ್ನು ಅಲ್ಲಿಟ್ಟಿದ್ದರೆ ಪಕ್ಕದ ಜಾಗಕ್ಕಿಂತ ಬಿಸಿಯೋ ತಂಪೋ ಇರುವುದು ತಿಳಿಯುತ್ತಿತ್ತು. ಬೆರಳಲ್ಲಿ ಒತ್ತಿದ್ದರೆ ಗಟ್ಟಿಯಾಗಿಯೋ, ಕೊಳೆಯಲು ಶುರುವಾದ ಹಣ್ಣಿನ ಹಾಗೆ ಮೆತ್ತಗೋ ಇರುತ್ತಿತ್ತು. ಎಲ್ಲಕ್ಕಿಂತ ಮೊದಲು, ಅಜ್ಜಿ ಬಾಯಿಬಿಟ್ಟು ಉರಿ ಎಂದು ಹೇಳಿದ್ದರು. ಮೊದಲ ಹಂತದ ಲಕ್ಷಣ ಕೆಂಪು ಮಾತ್ರ ಅಲ್ಲ: ನೋವು, ಬಿಸಿ, ಗಟ್ಟಿತನ, ಒತ್ತಿದರೆ ಬಿಳಿಚಿಕೊಳ್ಳದಿರುವುದು ಇವೂ ಹೌದು. ಕಪ್ಪು, ಕಂದು ಚರ್ಮದಲ್ಲಿ ಬಿಳಿಚುವುದೂ ಸುಲಭವಾಗಿ ಕಾಣುವುದಿಲ್ಲ. ಅಲ್ಲಿ ಪಕ್ಕದ ಚರ್ಮದ ಜೊತೆ ಹೋಲಿಸಿ ನೋಡುವುದೇ ದಾರಿ: ಸ್ವಲ್ಪ ಹೆಚ್ಚು ಕಪ್ಪೇ, ನೇರಳೆಯೇ, ನೀಲಿ ಛಾಯೆಯೇ, ಹೊಳೆಯುತ್ತಿದೆಯೇ ಎಂದು.

ಇದನ್ನು ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಕಲಿಯುವಾಗ ಚರ್ಮರೋಗದ ಪಾಠ ಮುಗಿದದ್ದು ಕೆಲವೇ ತಾಸುಗಳಲ್ಲಿ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ಗುಲಾಬಿ ಬಣ್ಣದ ದದ್ದು, ಕೆಂಪು ವೃತ್ತ, ಕೆಂಪು ಕಲೆ. ವಾರ್ಡಿಗೆ ಬಂದು ನೋಡಿದರೆ ಆ ಬಣ್ಣಗಳು ಯಾರ ಮೈಮೇಲೂ ಇಲ್ಲ. ಇಸಬು ನಮ್ಮಂಥವರ ಚರ್ಮದಲ್ಲಿ ಬೂದು, ಕಡುಕಂದು ಅಥವಾ ನೇರಳೆಯಾಗಿ ಕಾಣುತ್ತದೆ. ಸೋರಿಯಾಸಿಸ್ ಕೂಡ ನೇರಳೆ ಛಾಯೆಯಲ್ಲಿ ಬರುತ್ತದೆ. ಅಲರ್ಜಿಯ ಪಿತ್ತಗಂಧೆ ಎದ್ದಾಗ ಬಣ್ಣ ಬದಲಾಗದೆ ಬರೀ ಉಬ್ಬಿರಬಹುದು. ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುವಂಥದ್ದು ಅದು. ರಕ್ತ ಕಡಿಮೆಯಾಗಿ ಬಿಳಿಚಿಕೊಂಡಿದ್ದರೆ ಕೆಳರೆಪ್ಪೆ ಜಗ್ಗಿ ನೋಡಬೇಕು, ಮೈ ನೀಲಿಗಟ್ಟಿದೆಯೇ ಎಂಬುದಕ್ಕೆ ನಾಲಿಗೆ ಮತ್ತು ತುಟಿಯ ಒಳಭಾಗ, ಚುಕ್ಕೆ ಚುಕ್ಕೆ ರಕ್ತಸ್ರಾವಕ್ಕೆ ಬಾಯಿಯ ಅಂಗುಳ. ಇಷ್ಟನ್ನು ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನ ಯಾರೂ ಕೊಡಲಿಲ್ಲ ಎನ್ನುವುದು ನನ್ನ ದೂರು.

ಯಾಕೆ ನರ್ಸ್‌ಗಳೇ ಇದನ್ನು ಕಲಿಯಬೇಕು, ಚರ್ಮದ ಡಾಕ್ಟರು ಇಲ್ಲವೇ ಎಂದು ಕೇಳಬಹುದು. ಆಸ್ಪತ್ರೆಯಲ್ಲಿ ರೋಗಿಯ ಮೈಯನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಪ್ರತಿದಿನ ನೋಡುವವರು ನಾವು. ಡಾಕ್ಟರು ಎದೆ ಪರೀಕ್ಷಿಸುತ್ತಾರೆ, ಹೊಟ್ಟೆ ಒತ್ತುತ್ತಾರೆ, ರಿಪೋರ್ಟ್ ನೋಡುತ್ತಾರೆ. ಸ್ಪಂಜ್ ಮಾಡುವಾಗ ಕಂಕುಳ ಎತ್ತಿ ಒರೆಸುವವರು, ಸ್ತನದ ಅಡಿಯ ಮಡಿಕೆ ನೋಡುವವರು, ಡಯಾಪರ್ ಬಿಚ್ಚುವವರು, ಕಾಲ್ಬೆರಳ ಸಂದಿ ಒಣಗಿಸುವವರು ಯಾರು? ಒತ್ತಡದ ಹುಣ್ಣಿನ ಅಪಾಯವನ್ನು ಮುಂಚೆಯೇ ಅಳೆಯುವ ವಿಧಾನಗಳನ್ನು ಕಂಡುಹಿಡಿದವರೂ ನರ್ಸ್‌ಗಳೇ. 1962ರಲ್ಲಿ ಡೋರೀನ್ ನಾರ್ಟನ್, 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್. ಬ್ರೇಡನ್ ಪಟ್ಟಿಯಲ್ಲಿ ಆರು ವಿಷಯ: ನೋವು ಅರಿಯುವ ಶಕ್ತಿ, ಚರ್ಮದ ತೇವ, ಓಡಾಟ, ಹಾಸಿಗೆಯಲ್ಲಿ ತಾನೇ ಹೊರಳುವ ಶಕ್ತಿ, ಊಟ, ಉಜ್ಜಾಟ ಮತ್ತು ಜಾರಾಟ. ಒಟ್ಟು ಅಂಕ 6ರಿಂದ 23. ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರವಾಗಬೇಕು. ಅಂಕ ಹಾಕಲು ಕೆಲವೇ ನಿಮಿಷ ಸಾಕು. ಆದರೆ ಅಂಕ ಹಾಕಿ ಫೈಲಿನಲ್ಲಿಟ್ಟು, ರೋಗಿಯನ್ನು ಹೊರಳಿಸದೇ ಹೋದರೆ ಅದು ಬರೀ ಕಾಗದ. ಇದನ್ನು ನಾನು ತುಂಬ ನೋಡಿದ್ದೇನೆ.

ಇನ್ನೊಂದು ನೋವಿನ ಸಂಗತಿ: ನಮಗೆ ಕಲಿಸಿದ್ದರಲ್ಲಿ ಕೆಲವು ತಪ್ಪೇ ಇದ್ದವು. ಬೆನ್ನಿಗೆ ಸ್ಪಿರಿಟ್ ಸವರಿ, ಪೌಡರ್ ಹಾಕಿ, ಮೂಳೆ ಎದ್ದಿರುವ ಜಾಗವನ್ನು ಚೆನ್ನಾಗಿ ತಿಕ್ಕಬೇಕು ಎಂದಿದ್ದರು. ಹಾಗೆ ತಿಕ್ಕಿದರೆ ಮೊದಲೇ ನಲುಗಿದ ಒಳಮಾಂಸ ಇನ್ನಷ್ಟು ಹಾಳಾಗುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಮಧ್ಯದಲ್ಲಿ ತೂತಿರುವ ಗಾಳಿ ರಿಂಗ್ ಮೇಲೆ ಕೂರಿಸುತ್ತಿದ್ದೆವು. ರಿಂಗಿನ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಬರದಂತೆ ಮಾಡುತ್ತದೆ ಎಂದು ಯೋಚಿಸಲೇ ಇಲ್ಲ. ಗ್ಲೌಸಿಗೆ ನೀರು ತುಂಬಿ, ಗಂಟು ಹಾಕಿ, ಹಿಮ್ಮಡಿಯ ಕೆಳಗಿಡುತ್ತಿದ್ದೆವು. ಅಷ್ಟು ಚಿಕ್ಕದು ಹಿಮ್ಮಡಿಯ ಭಾರವನ್ನು ಹಂಚುವುದಿಲ್ಲ, ಉರುಳಿ ಬೇರೆ ಹೋಗುತ್ತದೆ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡುವುದೇ ಸರಿ. ಹುಣ್ಣಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬಂದರೆ ‘ಕ್ಲೀನ್ ಆಯಿತು’ ಎನ್ನುತ್ತಿದ್ದೆವು. ಅದು ಹೊಸದಾಗಿ ಚಿಗುರುವ ಜೀವಕೋಶಗಳನ್ನೂ ಸುಡುತ್ತದೆ. ಮಾಮೂಲಿ ಗಾಯಕ್ಕೆ ಸಲೈನ್ ಸಾಕು. ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆಯೂ ಅಷ್ಟೇ. ತೇವ ಉಳಿಸಿ ಮುಚ್ಚಿಟ್ಟ ಗಾಯದಲ್ಲಿ ಹೊಸ ಚರ್ಮ ಬೇಗ ಹರಡುತ್ತದೆಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಅದು ನನ್ನ ಕಿವಿಗೆ ಬೀಳಲು ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಬೇಕಾಯಿತು.

ಬೆಡ್‌ಸೋರ್ ಎಂದು ಕರೆಯುವುದೆಲ್ಲ ಬೆಡ್‌ಸೋರೂ ಅಲ್ಲ. ಮಲಮೂತ್ರದ ತೇವದಿಂದ ಚರ್ಮ ಬೆಂದು ಸುಲಿದಿರುವುದನ್ನು ಎಷ್ಟೋ ಜನ ಒತ್ತಡದ ಹುಣ್ಣು ಎಂದೇ ಬರೆಯುತ್ತಾರೆ. ಒತ್ತಡದ್ದು ಮೂಳೆಯ ಮೇಲೆ, ಅಂಚು ಸ್ಪಷ್ಟ. ತೇವದ್ದು ಮಡಿಕೆಗಳಲ್ಲಿ, ತೊಡೆಯ ಒಳಬದಿಯಲ್ಲಿ ಹರಡಿಕೊಂಡಿರುತ್ತದೆ, ಅಂಚು ಅಂಕುಡೊಂಕು, ಮುಟ್ಟಿದರೆ ಉರಿ. ಮೊದಲನೆಯದಕ್ಕೆ ಹೊರಳಿಸಬೇಕು, ಎರಡನೆಯದಕ್ಕೆ ಮೃದುವಾಗಿ ತೊಳೆದು, ತಿಕ್ಕದೆ ಒತ್ತಿ ಒಣಗಿಸಿ, ಜಿಂಕ್ ಅಥವಾ ಪೆಟ್ರೋಲಿಯಂ ಜೆಲ್ಲಿಯಂಥ ಮುಲಾಮಿನ ಪದರ ಕಟ್ಟಬೇಕು. ಹೆಸರು ತಪ್ಪಿದರೆ ಆರೈಕೆಯೂ ತಪ್ಪುತ್ತದೆ.

ಚೆನ್ನಾಗಿ ನೋಡಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಫಿಟ್ಸ್‌ಗೆಂದು ಕಾರ್ಬಮಜೆಪೀನ್ ಶುರುಮಾಡಿ ಎರಡು ವಾರವಾಗಿದ್ದ ಒಬ್ಬ ಯುವಕ ಜ್ವರ, ಗಂಟಲುನೋವು ಎಂದು ದಾಖಲಾಗಿದ್ದ. ಕಣ್ಣು ಕೆಂಪಗಿತ್ತು. ವೈರಲ್ ಜ್ವರ ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು. ರಾತ್ರಿ ಪಾಳಿಯ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳೂ ಆಗಿರಲಿಲ್ಲ, ಜ್ವರ ಇಳಿಸಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಎದೆಗೆ ಬಟ್ಟೆ ತಗಲಿದ ಕೂಡಲೇ ಅವನು ‘ಅಕ್ಕ, ಮೆಲ್ಲಗೆ’ ಎಂದ. ಅಲ್ಲಿ ಕಂಡಿದ್ದು ಬರೀ ಮಸುಕು ಕಲೆಗಳು. ಕಂಡದ್ದು ಅಷ್ಟು ಕಡಿಮೆ, ನೋವು ಇಷ್ಟು ಹೆಚ್ಚು ಯಾಕೆ ಎಂದು ಅವಳಿಗೆ ಅನ್ನಿಸಿತು. ಬಾಯಿ ತೆರೆಸಿ ಟಾರ್ಚ್ ಬಿಟ್ಟಳು. ಕೆನ್ನೆಯ ಒಳಬದಿ, ತುಟಿ ಎಲ್ಲ ಹುಣ್ಣು. ಮೂತ್ರಕ್ಕೆ ಹೋದರೆ ಉರಿಯೇ ಎಂದು ಕೇಳಿದಳು, ಹೌದು ಎಂದ. ರಾತ್ರಿ 2 ಗಂಟೆಗೆ ಡಾಕ್ಟರನ್ನು ಎಬ್ಬಿಸಿದಳು. ಬೆಳಗಿನ ಡೋಸ್ ಕೊಡಲಿಲ್ಲ. ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಔಷಧಿಯ ಪ್ರತಿಕ್ರಿಯೆಯಿಂದ ಚರ್ಮ, ಬಾಯಿ, ಕಣ್ಣು, ಗುಪ್ತಾಂಗದ ಪೊರೆಗಳು ಸುಟ್ಟ ಗಾಯದ ಹಾಗೆ ಸುಲಿದು ಬರುತ್ತವೆ. ಮರುದಿನ ಅವನ ಭುಜದ ಚರ್ಮ ಬೆರಳು ಜಾರಿಸಿದರೆ ಸರಿದುಹೋಗುತ್ತಿತ್ತು. ಅಲ್ಲಿಗೇ ನಿಂತಿತು, ಬದುಕಿದ, ಕಣ್ಣೂ ಉಳಿಯಿತು. ಇಂಥ ಪ್ರತಿಕ್ರಿಯೆಯಲ್ಲಿ ಮೊದಲ ಚಿಕಿತ್ಸೆ ಕಾರಣವಾದ ಔಷಧಿಯನ್ನು ನಿಲ್ಲಿಸುವುದು. ಒಂದು ದಿನ ತಡವಾದರೂ ಲೆಕ್ಕಕ್ಕೆ ಬರುತ್ತದೆ. ಫಿಟ್ಸ್‌ನ ಕೆಲವು ಮಾತ್ರೆಗಳು, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಔಷಧಿಗಳು ಶುರುವಾದ ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ಮೈಚರ್ಮ ಮುಟ್ಟಿದರೆ ನೋವು, ಬಾಯಿಹುಣ್ಣು, ಕಣ್ಣುರಿ ಕಾಣಿಸಿಕೊಂಡರೆ ಬೆಳಗಾಗುವ ತನಕ ಕಾಯಬಾರದು. ಈ ಸಾಲು ಪ್ರತಿ ಮನೆಯವರಿಗೂ ಗೊತ್ತಿರಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ತುರಿಕೆಯ ವಿಷಯದಲ್ಲಿ ಸಿಟ್ಟಿನಿಂದಲೇ ಬರೆಯುತ್ತೇನೆ, ಕ್ಷಮಿಸಿ. ಮೈ ತುರಿಸಿದರೆ ಸಿಕ್ಕಿದ ಟ್ಯೂಬ್ ಹಚ್ಚುವ ಅಭ್ಯಾಸ ನರ್ಸ್‌ಗಳಲ್ಲೂ ಇದೆ. ನಮ್ಮನ್ನು ನೋಡಿ ಜನರೂ ಹಚ್ಚುತ್ತಾರೆ. ಅಂಥ ಬಹಳಷ್ಟು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ತುರಿಕೆ ಕಡಿಮೆಯಾಗುತ್ತದೆ, ಆಮೇಲೆ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ, ಉಂಗುರದ ಆಕಾರ ಕೆಟ್ಟು ಚರ್ಮದ ಡಾಕ್ಟರಿಗೂ ಗುರುತು ಹತ್ತುವುದು ಕಷ್ಟವಾಗುತ್ತದೆ. ಒಬ್ಬ ಬಾಣಂತಿ ಆರು ವಾರದಿಂದ ಅಂಥದ್ದೇ ಟ್ಯೂಬ್ ಹಚ್ಚುತ್ತಿದ್ದಳು, ಕೂಸು ರಾತ್ರಿಯೆಲ್ಲ ಅಳುತ್ತಿತ್ತು. ‘ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ ತಾಯಿ? ರಾತ್ರಿ ಹೊತ್ತು ಜಾಸ್ತಿಯಾ?’ ಎಂದು ಕೇಳಿದೆ. ಎರಡಕ್ಕೂ ಹೌದು. ಅವಳ ಬೆರಳ ಸಂದಿಯನ್ನು ಬಿಡಿಸಿ ನೋಡಿದರೆ, ಪೆನ್ಸಿಲ್ಲಿನಲ್ಲಿ ಗೀಚಿದಂಥ ಸಣ್ಣ ಡೊಂಕು ಗೆರೆ, ತುದಿಯಲ್ಲಿ ಚುಕ್ಕೆ. ಕಜ್ಜಿ ಹುಳು ಕೊರೆದ ಬಿಲ. ಕೂಸಿನ ಅಂಗಾಲಲ್ಲಿ ಸಣ್ಣ ಸಣ್ಣ ನೀರ್ಗುಳ್ಳೆ.

ಕಜ್ಜಿಗೆ ಔಷಧಿ ಇದೆ, ಆದರೆ ಹಚ್ಚುವ ರೀತಿ ಹೇಳಿಕೊಡದಿದ್ದರೆ ಅದು ಕೆಲಸ ಮಾಡುವುದಿಲ್ಲ. ಡಾಕ್ಟರು ಬರೆದ 5% ಪರ್ಮೆಥ್ರಿನ್ ಕ್ರೀಮನ್ನು ತುರಿಸುವ ಜಾಗಕ್ಕೆ ಮಾತ್ರವಲ್ಲ, ಕುತ್ತಿಗೆಯಿಂದ ಕಾಲ್ಬೆರಳವರೆಗೆ, ಉಗುರಿನಡಿ, ಹೊಕ್ಕುಳು, ಬೆರಳ ಸಂದಿ ಬಿಡದೆ ಹಚ್ಚಬೇಕು. ಕೂಸುಗಳಿಗೆ ಮತ್ತು ತುಂಬ ವಯಸ್ಸಾದವರಿಗೆ ಕಣ್ಣು, ಬಾಯಿ ಬಿಟ್ಟು ತಲೆ, ಮುಖಕ್ಕೂ. 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇರಲಿ ಬಿಡಲಿ ಮನೆಮಂದಿಯೆಲ್ಲ ಒಂದೇ ದಿನ, ಏಕೆಂದರೆ ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಅವರು ಉಳಿದವರಿಗೆ ದಾಟಿಸಿರುತ್ತಾರೆ. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆಯಬೇಕು; ಒಗೆಯಲಾಗದ್ದನ್ನು ಚೀಲದಲ್ಲಿ ಕಟ್ಟಿ ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಹುಳು ಸಾಯುತ್ತದೆ. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು. ಇದೊಂದನ್ನು ಹೇಳದೆ ಕಳಿಸಿದರೆ ಅವರು ‘ಔಷಧಿ ಹಿಡಿಯಲಿಲ್ಲ’ ಎಂದುಕೊಂಡು ಮತ್ತೆ ಆ ಹಳೇ ಟ್ಯೂಬಿಗೆ ಕೈಹಾಕುತ್ತಾರೆ. ಚೀಟಿ ಬರೆಯಲು ಡಾಕ್ಟರಿಗೆ ಒಂದು ನಿಮಿಷ, ಇಷ್ಟನ್ನು ಹೇಳಲು ನಮಗೆ ಹತ್ತು ನಿಮಿಷ. ಆ ಹತ್ತು ನಿಮಿಷವೇ ಚಿಕಿತ್ಸೆ.

ಸ್ಟೀರಾಯ್ಡ್ ಕ್ರೀಮ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಇಸಬಿಗೆ ಅದು ಬೇಕೇ ಬೇಕು, ಹೆದರಿ ಹಚ್ಚದೆ ಒದ್ದಾಡುವ ಮಕ್ಕಳನ್ನೂ ನೋಡಿದ್ದೇನೆ. ಅಳತೆ ಹೇಳಿಕೊಡಬೇಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. 1991ರಿಂದ ಬಳಕೆಯಲ್ಲಿರುವ ಈ ಸರಳ ಅಳತೆಯನ್ನು ಹೊಸ ನರ್ಸ್‌ಗಳ ಮುಂದೆ ಹೇಳಿದಾಗ ಬಹಳಷ್ಟು ಜನ ಮೊದಲ ಸಲ ಕೇಳಿದಂತೆ ನೋಡುತ್ತಾರೆ.

ತುರಿಸದ ಕಲೆಯನ್ನೂ ಬಿಡಬಾರದು. ಪಕ್ಕದ ಚರ್ಮಕ್ಕಿಂತ ತುಸು ತಿಳಿಬಣ್ಣದ ಮಚ್ಚೆ, ನೋವಿಲ್ಲ, ತುರಿಕೆಯಿಲ್ಲ, ರೋಗಿ ಅದರ ಬಗ್ಗೆ ಹೇಳುವುದೇ ಇಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಗಲಿಸಿ ‘ಎಲ್ಲಿ ಮುಟ್ಟಿದೆ ಹೇಳಿ’ ಎಂದು ಕೇಳಬೇಕು. ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠ ಇರಬಹುದು. 6 ಅಥವಾ 12 ತಿಂಗಳ ಔಷಧಿಯಲ್ಲಿ ಪೂರ್ತಿ ಗುಣವಾಗುವ ಕಾಯಿಲೆ. ಬೆರಳು ಮಡಚಿಕೊಂಡ ಮೇಲೆ ಗೊತ್ತಾದರೆ ಮಾತ್ರ ಕಳೆದದ್ದು ಮರಳಿ ಬರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನರ್ಸಿಂಗ್ ಶಾಲೆ, ಕಾಲೇಜುಗಳಲ್ಲಿ ಎಲ್ಲ ಬಣ್ಣದ ಚರ್ಮದ ಚಿತ್ರಗಳನ್ನಿಟ್ಟು ಪಾಠ ಮಾಡಿ. ವಿದ್ಯಾರ್ಥಿಗಳನ್ನು ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ಕೆಲವು ವಾರ ಕೂರಿಸಿ. ಅಡ್ಮಿಷನ್ ಹಾಳೆಯಲ್ಲಿ ಮನುಷ್ಯದೇಹದ ಮುಂದಿನ, ಹಿಂದಿನ ಚಿತ್ರ ಅಚ್ಚು ಹಾಕಿಸಿ, ಗುರುತು ಮಾಡಲಿ. ಹಾಗೆಯೇ ಸಮಯ ಕೊಡಿ. ನಾನು ಒಬ್ಬಳೇ 28 ಹಾಸಿಗೆ ನೋಡಿಕೊಂಡ ರಾತ್ರಿಗಳಿವೆ. ಎರಡೆರಡು ಗಂಟೆಗೊಮ್ಮೆ ಹೊರಳಿಸಬೇಕೆಂದು ಚಾರ್ಟಿನಲ್ಲಿ ಬರೆದವರು ಆ ರಾತ್ರಿ ನನ್ನ ಜೊತೆ ಇರಲಿಲ್ಲ. ‘ಸರಿ ಇದೆ’ ಎಂಬ ಬರಹ ಎಷ್ಟೋ ಸಲ ಅಸಡ್ಡೆಯಿಂದ ಬಂದದ್ದಲ್ಲ, ಕೈಗೆ ಬಿಡುವಿಲ್ಲದೆ ಬಂದದ್ದು.

ಮೊದಲು ಹೇಳಿದ ಹುಡುಗಿಯನ್ನು ನಾನು ಬೈಯಲಿಲ್ಲ. ಹಾಸಿಗೆಯ ಹತ್ತಿರ ಕರೆದುಕೊಂಡು ಹೋದೆ. ಸೊಂಟದ ಮೂಳೆ ಮುರಿದು ಮಲಗಿದ್ದ ಹಿರಿಯರು. ‘ಯಜಮಾನರೇ, ಕಾಲು ಮುಟ್ಟಿ ನೋಡ್ತೀವಿ’ ಎಂದು ಹೇಳಿ, ಅವಳಿಗೆ ಗ್ಲೌಸ್ ತೆಗೆದು ಕೈ ತೊಳೆದುಕೊಳ್ಳಲು ಹೇಳಿದೆ. ಗ್ಲೌಸಿನೊಳಗಿನ ಕೈಗೆ ಬಿಸಿ, ತಂಪು ಸರಿಯಾಗಿ ತಿಳಿಯುವುದಿಲ್ಲ. ಒಡೆಯದ, ಒಣಗಿದ ಚರ್ಮಕ್ಕೆ ತೊಳೆದ ಕೈ ಸಾಕು. ಕೈ ಹಿಂಬದಿಯನ್ನು ಎಡ ಹಿಮ್ಮಡಿಗೆ ಇಟ್ಟಳು, ಆಮೇಲೆ ಬಲಕ್ಕೆ. ತಟ್ಟನೆ ನನ್ನ ಮುಖ ನೋಡಿದಳು. ‘ಇದು ಬಿಸಿ ಇದೆ ಮೇಡಂ.’ ಹಳೆಯ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಸಹಿ ಹಾಕಿ, ಕೆಳಗೆ ಬರೆದಳು: ‘ಬಲ ಹಿಮ್ಮಡಿ, ಹೊರಬದಿ, 2×3 ಸೆಂ.ಮೀ., ಪಕ್ಕದ ಚರ್ಮಕ್ಕಿಂತ ಕಪ್ಪು, ಬಿಸಿ, ಗಟ್ಟಿ, ಒತ್ತಿದರೆ ನೋವು, ಚರ್ಮ ಒಡೆದಿಲ್ಲ. ಹಿಮ್ಮಡಿ ಎತ್ತಿ ಇಡಲಾಗಿದೆ.’ ಇಬ್ಬರೂ ಸೇರಿ ಮೀನಖಂಡದ ಕೆಳಗೆ ದಿಂಬಿಟ್ಟೆವು. ಪ್ರತಿ ಪಾಳಿಯಲ್ಲೂ ಅವಳೇ ಹೋಗಿ ಮುಟ್ಟಿ ನೋಡುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಆ ಹಿಮ್ಮಡಿ ಇನ್ನೊಂದರಷ್ಟೇ ತಣ್ಣಗೆ, ಮೆದುವಾಗಿ ಇತ್ತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಶುಶ್ರೂಷಕಿ